ಸಂಶೋಧನೆ ಬಿಟ್ಟು ಸರ್ಕಾರದಲ್ಲಿ ವಿಜ್ಞಾನ ನೀತಿಯ ಕೆಲಸಕ್ಕೆ ಸೇರಬಹುದೇ?

ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸುವ ಹಂತದಲ್ಲಿರುವ ತಾವು, ಪ್ರಯೋಗಾಲಯ ಬಿಟ್ಟು ಸರ್ಕಾರದಲ್ಲಿ ವಿಜ್ಞಾನ ನೀತಿ ವಿಶ್ಲೇಷಕರಾಗಿ ಸೇರಬಹುದೇ, ಅಲ್ಲಿ ದಿನವಿಡೀ ಮಾಡುವ ಕೆಲಸವಾದರೂ ಏನು ಎಂದು ಕೇಳಿದ್ದೀರಿ. ನಾನು ಭೌತಶಾಸ್ತ್ರದಲ್ಲಿ ಸಂಶೋಧನೆ ಮುಗಿಸಿ, ಆರು ವರ್ಷಗಳಿಂದ ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಹಾಗಾಗಿ ಕಂಡದ್ದನ್ನಷ್ಟೇ ಹೇಳುತ್ತೇನೆ.

ನೀತಿ ಎಂದೊಡನೆ ದೇಶದ ದಿಕ್ಕು ನಿರ್ಧರಿಸುವ ದೊಡ್ಡ ದಸ್ತಾವೇಜು ಕಣ್ಣ ಮುಂದೆ ಬರುತ್ತದೆ. ಅಂಥವು 1958, 1983, 2003 ಮತ್ತು 2013ರಲ್ಲಿ ಬಂದವು. 2020ರ ಕೊನೆಗೆ ಐದನೆಯದರ ಕರಡೂ ಪ್ರಕಟವಾಯಿತು. ಆದರೆ ಅವುಗಳ ನಡುವಿನ ವರ್ಷಗಳಲ್ಲಿ ನಮ್ಮಂಥವರ ಹೊಟ್ಟೆಪಾಡು ಕಡತಗಳದ್ದು: ಸರ್ಕಾರದ ಗಣಕೀಕೃತ ಕಡತ ವ್ಯವಸ್ಥೆಯಾದ ಇ-ಆಫೀಸಿನಲ್ಲಿ ಒಂದೂವರೆ ಪುಟದ ಟಿಪ್ಪಣಿ ಬರೆಯುವುದು, ಇನ್ನೊಂದು ಸಚಿವಾಲಯದ ಕರಡಿಗೆ ಅಭಿಪ್ರಾಯ ಕಳಿಸುವುದು, ಸಭೆಯ ನಡಾವಳಿ ಸಿದ್ಧಪಡಿಸುವುದು ಮತ್ತು, ಅಧಿವೇಶನ ಆರಂಭವಾಯಿತೆಂದರೆ ಮಿಕ್ಕಿದ್ದೆಲ್ಲ ಬದಿಗಿಟ್ಟು, ಸಂಸದರ ಪ್ರಶ್ನೆಗಳಿಗೆ ಉತ್ತರದ ಕರಡು ಮಾಡುವುದು.

ಈ ಕೊನೆಯದನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಈ ವೃತ್ತಿಯ ಹದ ನನಗೆ ತಿಳಿದದ್ದು ಅಲ್ಲಿಯೇ. ಕೆಲವು ವರ್ಷಗಳ ಹಿಂದೆ, ಸಂಶೋಧನೆಗೆ ದೇಶ ಮಾಡುವ ವೆಚ್ಚದ ಕುರಿತ ಸಂಸದರ ಪ್ರಶ್ನೆಯೊಂದರ ಟಿಪ್ಪಣಿಯಲ್ಲಿ ‘ವೆಚ್ಚ ಕುಸಿಯುತ್ತಿದೆ’ ಎಂದು ಬರೆದಿದ್ದೆ. ಇಪ್ಪತ್ತೈದು ವರ್ಷ ಕಡತಗಳ ನಡುವೆಯೇ ಕಳೆದಿದ್ದ ನಮ್ಮ ಸೆಕ್ಷನ್ ಆಫೀಸರ್ ಅದನ್ನು ಓದಿ, “ಡಾಕ್ಟರ್ ಸಾಬ್, ಕುಸಿದಿರುವುದು ರೂಪಾಯಿಯೋ, ಪಾಲೋ?” ಎಂದು ಕೇಳಿದರು. ಸರ್ಕಾರದ್ದೇ ಅಂಕಿಅಂಶಗಳ ಪ್ರಕಾರ 2010-11ರಲ್ಲಿ ಸುಮಾರು 60 ಸಾವಿರ ಕೋಟಿ ರೂಪಾಯಿ ಇದ್ದ ಈ ವೆಚ್ಚ 2020-21ಕ್ಕೆ 1.27 ಲಕ್ಷ ಕೋಟಿಯಾಗಿತ್ತು. ಅದೇ ವೆಚ್ಚವನ್ನು ಜಿಡಿಪಿಯ ಪಾಲಾಗಿ ನೋಡಿದರೆ 0.64 ಶೇಕಡಕ್ಕೆ ಇಳಿದಿತ್ತು. ದುಪ್ಪಟ್ಟಾಯಿತು ಎಂಬುದೂ ನಿಜ, ಇಳಿಯಿತು ಎಂಬುದೂ ನಿಜ. ಮಂತ್ರಿಗಳಿಗೆ ಮೊದಲನೆಯದು ಇಷ್ಟ, ವಿರೋಧ ಪಕ್ಷಕ್ಕೆ ಎರಡನೆಯದು. ವಿಶ್ಲೇಷಕನಾದವನು ಎರಡನ್ನೂ ಒಂದೇ ಪುಟದಲ್ಲಿಟ್ಟು, ಆ ವೆಚ್ಚದಲ್ಲಿ ಖಾಸಗಿ ಉದ್ಯಮದ ಪಾಲು ಸುಮಾರು 36 ಶೇಕಡ ಮಾತ್ರ ಎಂಬ ಮೂರನೆಯ ಸಂಗತಿಯನ್ನೂ ಸೇರಿಸಬೇಕು; ಇಲ್ಲವಾದರೆ, ಬಾಯ್ಮಾತಿನಲ್ಲೇ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಾಗಿದ್ದಲ್ಲಿ ಸದನದಲ್ಲಿ ಏಳುವ ಮೊದಲ ಉಪಪ್ರಶ್ನೆಗೇ ಮಂತ್ರಿಗಳು ತಡವರಿಸಬೇಕಾಗುತ್ತದೆ. ಆ ಟಿಪ್ಪಣಿಯನ್ನು ನಾನು ನಾಲ್ಕು ಸಲ ತಿದ್ದಿದೆ. ಕೊನೆಗೆ ಹೋದದ್ದರಲ್ಲಿ ನನ್ನ ಹೆಸರಿರಲಿಲ್ಲ, ಇರುವುದೂ ಇಲ್ಲ. ಪ್ರಬಂಧದಲ್ಲಿ ಮೊದಲ ಲೇಖಕರಾಗುವ ಆಸೆ ತಮಗೆ ಬಲವಾಗಿದ್ದರೆ ಈಗಲೇ ಯೋಚಿಸಿ.

ನಿಜವಾದ ನೀತಿ ಅನೇಕ ಸಲ ಅಡಗಿರುವುದು ಯಾರೂ ಓದದ ನಿಯಮಗಳಲ್ಲಿ. ತಾವು ಕಿಣ್ವವನ್ನೋ ಉಪಕರಣದ ಬಿಡಿಭಾಗವನ್ನೋ ತರಿಸಲು ತಿಂಗಳುಗಟ್ಟಲೆ ಕಾದಿರಬಹುದು. ಅದರ ಮೂಲ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ಸರ್ಕಾರಿ ಖರೀದಿಯ ಆನ್‌ಲೈನ್ ಮಾರುಕಟ್ಟೆಯಾದ ಜೆಮ್ ಪೋರ್ಟಲಿನ ಕಡ್ಡಾಯದಲ್ಲಿ ಮತ್ತು 200 ಕೋಟಿ ರೂಪಾಯಿವರೆಗಿನ ಖರೀದಿಗೆ, ವಿದೇಶಿ ಕಂಪನಿಗಳೂ ಭಾಗವಹಿಸುವ ಜಾಗತಿಕ ಟೆಂಡರ್ ಕರೆಯಬಾರದೆಂಬ 2020ರ ಆದೇಶದಲ್ಲಿದೆ. ಆ ಮಿತಿಯವರೆಗೆ ಜಾಗತಿಕ ಟೆಂಡರಿಗೆ ಒಪ್ಪಿಗೆ ಕೊಡುವ ಅಧಿಕಾರ ಸಂಶೋಧನಾ ಸಂಸ್ಥೆಗಳ ಮುಖ್ಯಸ್ಥರಿಗೇ ದೊರೆತದ್ದೂ, ದರಪಟ್ಟಿ ಇಲ್ಲದೆ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ ಏರಿದ್ದೂ 2025ರ ಜೂನ್‌ನಲ್ಲಿ. ‘ನಮಗೆ ಬಹಳ ತೊಂದರೆಯಾಗುತ್ತಿದೆ’ ಎಂದು ವಿಜ್ಞಾನಿಗಳು ಬರೆಯುವ ಪತ್ರಗಳನ್ನು ನಾನು ಸಾಕಷ್ಟು ಓದಿದ್ದೇನೆ. ಅವುಗಳಿಂದ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಯಾವ ನಿಯಮ, ಎಷ್ಟು ತಿಂಗಳ ವಿಳಂಬ, ಯಾವ ಪದ ಬದಲಾದರೆ ಸಾಕು, ಬದಲಾದರೆ ದುರುಪಯೋಗ ತಡೆಯುವುದು ಹೇಗೆ ಎಂದು ಬರೆದುಕೊಟ್ಟರೆ ಮಾತ್ರ ಹಣಕಾಸಿನವರು ಓದುತ್ತಾರೆ.

ಇನ್ನು, ಸಾಕ್ಷ್ಯವೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂಬ ನಂಬಿಕೆಯನ್ನು ಹೊಸ್ತಿಲಾಚೆಯೇ ಬಿಟ್ಟು ಬನ್ನಿ. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ, ಕೀಟ ತಡೆಯಲು ಕುಲಾಂತರಿಸಿದ ಬಿ.ಟಿ. ಬದನೆಗೆ ಒಪ್ಪಿಗೆ ಕೊಟ್ಟಿತ್ತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಜನರ ಅಹವಾಲು ಕೇಳಿ, ರಾಜ್ಯ ಸರ್ಕಾರಗಳ ನಿಲುವನ್ನೂ ಪರಿಗಣಿಸಿ, 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ಆ ನಿರ್ಧಾರದ ಬಗ್ಗೆ ನನಗೆ ಇಂದಿಗೂ ತಕರಾರಿದೆ. ಆದರೆ ನಿರ್ಧರಿಸುವ ಹಕ್ಕು ಅವರದ್ದೇ ಆಗಿತ್ತೆಂಬುದರಲ್ಲಿ ಸಂಶಯವಿಲ್ಲ. ಯಾವುದು ಗೊತ್ತು, ಯಾವುದು ಗೊತ್ತಿಲ್ಲ, ತಪ್ಪಿದರೆ ಬೆಲೆ ತೆರುವವರು ಯಾರು ಎಂಬುದನ್ನು ಮಸುಕಾಗದಂತೆ ಬರೆಯುವಲ್ಲಿಗೆ ನಮ್ಮ ಪಾಲು ಮುಗಿಯುತ್ತದೆ.

ಸೇರುವ ದಾರಿಯ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಐ.ಎ.ಎಸ್.ನಂತೆ ಇದಕ್ಕೊಂದು ಸೇವಾ ಶ್ರೇಣಿಯಿಲ್ಲ. ಬಹುತೇಕ ಹುದ್ದೆಗಳು ಗುತ್ತಿಗೆಯವು, ಅವಧಿ ಮುಗಿಯುವ ಹೊತ್ತಿಗೆ ನಿದ್ದೆ ಕೆಡುವುದು ಖಂಡಿತ. ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೀತಿ ಫೆಲೋಶಿಪ್ ತಮ್ಮಂಥವರಿಗೆ ಹೊಂದುವ ಬಾಗಿಲು; ಇಲಾಖೆಯ ನೀತಿ ಸಂಶೋಧನಾ ಕೇಂದ್ರಗಳಲ್ಲೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಇದೆ. ಹಿಂದಿ ಬಾರದಿದ್ದರೂ ಕೆಲಸ ನಡೆಯುತ್ತದೆ, ಆದರೆ ಚಹಾದ ಹೊತ್ತಿನಲ್ಲಿ ಇತ್ಯರ್ಥವಾಗುವ ಸಂಗತಿಗಳು ತಪ್ಪಿಹೋಗುತ್ತವೆ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ ನೋಡಿ. ತಮ್ಮ ಮಹಾಪ್ರಬಂಧದ ವಿಷಯವನ್ನೇ ಒಂದೂವರೆ ಪುಟಕ್ಕೆ ಇಳಿಸಿ, ವಿಜ್ಞಾನ ಓದದ, ಸರ್ಕಾರಿ ನೌಕರಿಯಲ್ಲಿರುವ ಬಂಧುವೊಬ್ಬರಿಗೆ ಕೊಡಿ. ಓದಿ ಮುಗಿಸಿದ ಅವರು, “ಸರಿ, ಈಗ ನಾನು ಯಾವುದಕ್ಕೆ ಸಹಿ ಹಾಕಬೇಕು?” ಎಂದು ಕೇಳಿದಾಗ ತಮಗೆ ಕಿರಿಕಿರಿಯಾಗುತ್ತದೆಯೋ, ಆ ಪುಟವನ್ನು ಮತ್ತೆ ಬರೆಯಬೇಕೆನಿಸುತ್ತದೆಯೋ ಗಮನಿಸಿ.