ಸಣ್ಣ ಗೇಮ್ ಸ್ಟುಡಿಯೋವನ್ನು ದೊಡ್ಡ ಕಂಪನಿ ಕೊಂಡುಕೊಂಡರೆ, ದುಡ್ಡು ಕೊಟ್ಟು ಆಡುತ್ತಿರುವ ನಮ್ಮ ಗತಿ ಏನು?

ನಿಮ್ಮ ಪ್ರಶ್ನೆ ಇಷ್ಟು: ತೀರ್ಥಹಳ್ಳಿಯಲ್ಲಿ ನಾಲ್ಕು ಜನ ಗೆಳೆಯರು ಒಂದು ಸಣ್ಣ ಸ್ಟುಡಿಯೋದ ಸರ್ವೈವಲ್ ಗೇಮ್ ಆಡ್ತೀರಿ, ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡಿದ್ದು. ಆ ಸ್ಟುಡಿಯೋವನ್ನು ಈಗ ದೊಡ್ಡ ಕಂಪನಿಯೊಂದು ತಗೊಂಡಿದೆ. ಸರ್ವರ್ ನಿಲ್ಲಿಸ್ತಾರಾ, ಹೊಸ ಲಾಗಿನ್ ಕೇಳ್ತಾರಾ, ಸೇಲ್‌ನಲ್ಲಿ ಬಂದಿರೋ ಡಿಎಲ್‌ಸಿ (ಗೇಮ್‌ಗೆ ಬೇರೆಯಾಗಿ ಮಾರೋ ಹೆಚ್ಚುವರಿ ಭಾಗ) ಈಗ ತಗೊಳ್ಳೋದಾ ಬೇಡ್ವಾ?

ಕೊಂಡವರು ಯಾರು ಅನ್ನೋದನ್ನ ಪಕ್ಕಕ್ಕಿಡಿ. ನಿಮ್ಮ ಗೇಮ್ ಶುರುವಾಗೋಕೆ ಯಾರ ಯಾರ ಅಪ್ಪಣೆ ಬೇಕು, ಅದನ್ನ ಮೊದಲು ಪತ್ತೆ ಮಾಡಿ. ಈ ಪರೀಕ್ಷೆಗೆ ಮಲೆನಾಡಿನ ಮಳೆಗಾಲದಷ್ಟು ಒಳ್ಳೆ ಕಾಲ ಇನ್ನೊಂದಿಲ್ಲ. ಮರ ಬಿದ್ದು ಫೈಬರ್ ಹರಿದು, ಮೆಸ್ಕಾಂನವರು ಲೈನ್ ಹುಡುಕ್ತಾ ಕಾಡು ಸುತ್ತುತ್ತಿರುವಾಗ ಬ್ಯಾಟರಿ ಮೇಲೆ ಲ್ಯಾಪ್‌ಟಾಪ್ ತೆಗೆದರೆ ಯಾವ ಗೇಮ್ ಓಪನ್ ಆಗುತ್ತೋ ಅದರ ಮಟ್ಟಿಗೆ ಯಾರು ಯಾರನ್ನ ಕೊಂಡರೂ ನಿಮಗೆ ಸದ್ಯಕ್ಕೆ ನಷ್ಟವಿಲ್ಲ. ಆಗದಿದ್ದರೆ ಸ್ಟುಡಿಯೋ ಮಾರಾಟ ಆಗೋಕೆ ಮುಂಚೆಯೂ ನಿಮ್ಮ ಜುಟ್ಟು ಬೇರೆಯವರ ಕೈಯಲ್ಲೇ ಇತ್ತು.

ಮಳೆಗೆ ಕಾಯಬೇಕಾಗಿಲ್ಲ, ಇವತ್ತೇ ಮಾಡಿ. ನೆಟ್ ಇರುವಾಗಲೇ ಗೇಮ್ ಪೂರ್ತಿ ಅಪ್‌ಡೇಟ್ ಮಾಡಿ, ಒಂದು ಸಲ ಓಪನ್ ಮಾಡಿ ಮುಚ್ಚಿ. ಇದನ್ನ ಬಿಟ್ಟರೆ ಮೊದಲ ಸಲದ ಇನ್‌ಸ್ಟಾಲ್ ಕೆಲಸ ಅರ್ಧಕ್ಕೆ ನಿಂತು, ಗೇಮ್‌ದಲ್ಲದ ತಪ್ಪನ್ನ ಗೇಮ್ ಮೇಲೆ ಹೊರಿಸ್ತೀರಿ. ಆಮೇಲೆ ಸ್ಟೀಮ್ ಮೆನುವಿನಲ್ಲಿ ಆಫ್‌ಲೈನ್ ಮೋಡ್‌ಗೆ ಹೋಗಿ, ರೌಟರ್ ಆಫ್ ಮಾಡಿ, ಫೋನಿನ ಹಾಟ್‌ಸ್ಪಾಟ್ ಕೂಡ ಆಫ್ ಮಾಡಿ. ಈಗ ಗೇಮ್ ತೆಗೆದು ನಿಮ್ಮ ಹಳೇ ವರ್ಲ್ಡ್ (ನೀವು ಆಡಿ ಕಟ್ಟಿಟ್ಟ ಲೋಕ) ಲೋಡ್ ಮಾಡಿ. ಲೋಡ್ ಆಯ್ತು ಅಂದರೆ ಇನ್ನೊಂದು ಹೆಜ್ಜೆ: ಸ್ಟೀಮ್ ಅನ್ನೇ ಪೂರ್ತಿ ಮುಚ್ಚಿ, ಗೇಮ್ ಫೋಲ್ಡರ್ ಒಳಗಿರೋ ಪ್ರೋಗ್ರಾಂ ಫೈಲ್ ಮೇಲೆ ನೇರ ಡಬಲ್ ಕ್ಲಿಕ್ ಮಾಡಿ. ಸ್ಟೀಮ್ ಎದ್ದೇಳದೆ ಗೇಮ್ ಓಡಿದರೆ ಅದಕ್ಕೆ ಸ್ಟೀಮ್‌ನ ಬೀಗವೇ ಇಲ್ಲ. ಸ್ಟೀಮ್‌ನಲ್ಲಿ ಮಾರೋದಕ್ಕೆಲ್ಲ ಬೀಗ ಇರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಸಣ್ಣ ಸ್ಟುಡಿಯೋಗಳ ಎಷ್ಟೋ ಗೇಮ್‌ಗಳಿಗೆ ಇರೋದಿಲ್ಲ. ಅಂಥ ಫೋಲ್ಡರನ್ನ ಹಾಗೇ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿಟ್ಟರೆ ಕೆಲಸ ಮುಗೀತು.

ಈಗ ಮಾರಾಟದ ವಿಷಯ. ಪಬ್ಲಿಷರ್ ಬರೋದಕ್ಕೂ ಸ್ಟುಡಿಯೋವನ್ನೇ ಕೊಳ್ಳೋದಕ್ಕೂ ಇರೋ ವ್ಯತ್ಯಾಸ ಅಡಿಕೆ ತೋಟ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಬ್ಲಿಷರ್ ಅಂದರೆ ಚೇಣಿ ಹಿಡಿದವನು: ಮುಂಗಡ ಕೊಟ್ಟ, ಫಸಲಲ್ಲಿ ಪಾಲು ತಗೊಂಡ, ತೋಟ ಮಾಲೀಕನದೇ. ಸ್ಟುಡಿಯೋ ಖರೀದಿ ಅಂದರೆ ಕ್ರಯಪತ್ರ. ಗೇಮ್‌ನ ಹೆಸರು, ಕೋಡ್, ಪಾತ್ರಗಳು, ನಿಮ್ಮ ಖಾತೆಯ ಮಾಹಿತಿ ಎಲ್ಲ ಕೈ ಬದಲಾಗುತ್ತೆ. ಮಾರಿದ ಮಾಲೀಕನನ್ನೇ ಕೆಲವು ವರ್ಷ ಮೇಸ್ತ್ರಿಯಾಗಿ ಇಟ್ಟುಕೊಳ್ಳೋದು ರೂಢಿ. ಒಂದಷ್ಟು ಹಣ ಈಗ, ಇನ್ನೊಂದಷ್ಟು ಮುಂದಿನ ವರ್ಷಗಳ ಫಸಲು ನೋಡಿ. ನನ್ನ ಪ್ರಕಾರ ಆಟಗಾರರು ಕಣ್ಣಿಡಬೇಕಾದ್ದು ಆ ಎರಡನೇ ಕಂತಿನ ಮೇಲೆ, ಯಾಕೆಂದರೆ ಜಗಳ ಹುಟ್ಟೋದು ಅಲ್ಲೇ.

ಮೊಬೈಲ್ ಗೇಮ್ ಬಿಜಿಎಂಐ ನಡೆಸೋ ಕ್ರಾಫ್ಟನ್ ಕಂಪನಿ 2021ರಲ್ಲಿ ಸಬ್ನಾಟಿಕಾ ಗೇಮ್ ಮಾಡಿದ ಅನ್‌ನೋನ್ ವರ್ಲ್ಡ್ಸ್ ಸ್ಟುಡಿಯೋವನ್ನ ಕೊಂಡಿತು. 50 ಕೋಟಿ ಡಾಲರ್ ಮುಂಗಡ, ಸಾಧನೆ ನೋಡಿ 25 ಕೋಟಿ ಡಾಲರ್‌ವರೆಗೆ ಆಮೇಲೆ ಅಂತ ಒಪ್ಪಂದ. 2025ರ ಜುಲೈನಲ್ಲಿ ಸ್ಟುಡಿಯೋದ ಮೂವರು ಮುಖ್ಯಸ್ಥರನ್ನ ತೆಗೆದರು, ಸಬ್ನಾಟಿಕಾ 2 ಬಿಡುಗಡೆ 2026ಕ್ಕೆ ಹೋಯಿತು, ಆ ಎರಡನೇ ಕಂತಿನ ವಿಷಯ ಅಮೆರಿಕದ ಡೆಲಾವೇರ್ ಕೋರ್ಟು ಹತ್ತಿತು. ಯಾರದು ಸರಿ ಅನ್ನೋ ಚರ್ಚೆ ನನಗೆ ಬೇಡ. ನಿಮ್ಮ ಗೇಮ್‌ನ ಖರೀದಿ ಸುದ್ದಿಯಲ್ಲೂ 'ಷರತ್ತಿನ ಮೇಲೆ ಇಷ್ಟು' ಅನ್ನೋ ಸಾಲು ಇದೆಯಾ, ಯಾವ ವರ್ಷದ ಮಾರಾಟಕ್ಕೆ ಕಟ್ಟಿದ್ದಾರೆ ಅಂತ ನೋಡಿ. ಆ ವರ್ಷ ಹತ್ತಿರ ಬಂದಾಗ ಅವಸರದ ಬಿಡುಗಡೆ, ಇಲ್ಲಾ ಮುಖ್ಯಸ್ಥರ ರಾಜೀನಾಮೆ, ಎರಡರಲ್ಲಿ ಒಂದು ಕೇಳಿಬಂದರೆ ಆಶ್ಚರ್ಯಪಡಬೇಡಿ.

ಎಲ್ಲ ಖರೀದಿಯೂ ಕೆಟ್ಟದ್ದಲ್ಲ. ಡಬಲ್ ಫೈನ್ ಸ್ಟುಡಿಯೋ ಸೈಕೋನಾಟ್ಸ್ 2ಕ್ಕೆ ಜನರಿಂದ ದುಡ್ಡು ಎತ್ತಿ ಕೆಲಸ ಶುರು ಮಾಡಿತ್ತು. 2019ರಲ್ಲಿ ಮೈಕ್ರೋಸಾಫ್ಟ್ ಕೊಂಡ ಮೇಲೆ, ದುಡ್ಡಿಲ್ಲದೆ ಕೈಬಿಟ್ಟಿದ್ದ ಬಾಸ್ ಫೈಟ್‌ಗಳನ್ನ (ದೊಡ್ಡ ಎದುರಾಳಿಯ ಜೊತೆಗಿನ ಕಾದಾಟ) ಮತ್ತೆ ಸೇರಿಸೋಕೆ ಆಯ್ತು. 2021ರಲ್ಲಿ ಬಂದ ಗೇಮ್ ಪ್ಲೇಸ್ಟೇಷನ್‌ನಲ್ಲೂ ಬಂತು. ಅದೇ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಬೆಥೆಸ್ಡಾ ಅನ್ನೋ ಗೇಮ್ ಕಂಪನಿಯ ಮಾತೃಸಂಸ್ಥೆಯನ್ನ ಕೊಂಡು, 2024ರ ಮೇನಲ್ಲಿ ಅದರಡಿ ಇದ್ದ ಟ್ಯಾಂಗೋ ಗೇಮ್‌ವರ್ಕ್ಸ್, ಆರ್ಕೇನ್ ಆಸ್ಟಿನ್, ಆಲ್ಫಾ ಡಾಗ್ ಸ್ಟುಡಿಯೋಗಳನ್ನ ಮುಚ್ಚೋದಾಗಿ ಹೇಳಿತು. ಹೈ-ಫೈ ರಶ್ ಥರ ಎಲ್ಲರೂ ಹೊಗಳಿದ ಗೇಮ್ ಮಾಡಿದ್ದೂ ಟ್ಯಾಂಗೋವನ್ನ ಕಾಪಾಡಲಿಲ್ಲ. ಅದನ್ನ ಆಮೇಲೆ ಎತ್ತಿಕೊಂಡಿದ್ದು, ನೋಡಿ, ಮೇಲೆ ಹೇಳಿದ ಅದೇ ಕ್ರಾಫ್ಟನ್. ಹಾಗಾಗಿ ಈ ಕಂಪನಿ ದೇವರು, ಆ ಕಂಪನಿ ದೆವ್ವ ಅಂತ ಪಟ್ಟಿ ಮಾಡೋದು ವ್ಯರ್ಥ.

ಆಟಗಾರನಿಗೆ ಏಟು ಬೀಳೋದು ಸ್ಟುಡಿಯೋ ಮುಚ್ಚಿದ ದಿನ ಅಲ್ಲ, ಅದಕ್ಕಿಂತ ಮೆಲ್ಲಗೆ. ರಾಕೆಟ್ ಲೀಗ್ ನೋಡಿ. ಎಪಿಕ್ ಕಂಪನಿ 2019ರ ಮೇನಲ್ಲಿ ಆ ಗೇಮ್ ಮಾಡಿದ ಸೈಯಾನಿಕ್ಸ್ ಸ್ಟುಡಿಯೋವನ್ನ ಕೊಳ್ಳೋದಾಗಿ ಘೋಷಿಸಿತು. 2020ರ ಮಾರ್ಚಿನಲ್ಲಿ ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಆನ್‌ಲೈನ್ ಆಟ ನಿಂತಿತು. ಅದೇ ಸೆಪ್ಟೆಂಬರ್‌ನಲ್ಲಿ ಗೇಮ್ ಉಚಿತವಾಯ್ತು, ಹೊಸಬರಿಗೆ ಸ್ಟೀಮ್ ಬಾಗಿಲು ಮುಚ್ಚಿತು. ಮೊದಲೇ ಸ್ಟೀಮ್‌ನಲ್ಲಿ ಕೊಂಡವರು ಆಡುತ್ತಾ ಇದ್ದರು. 2023ರ ಡಿಸೆಂಬರ್‌ನಲ್ಲಿ ಆಟಗಾರರು ಒಬ್ಬರಿಗೊಬ್ಬರು ಐಟಂ ಬದಲಿಸಿಕೊಳ್ಳೋದನ್ನೂ ತೆಗೆದರು. ಒಂದೊಂದನ್ನೇ ನೋಡಿದರೆ ಸಣ್ಣದು. ನಾಲ್ಕೂವರೆ ವರ್ಷದ ಲೆಕ್ಕ ಒಟ್ಟಿಗೆ ಹಾಕಿದರೆ ಕೊಂಡಿದ್ದು ಒಂದು, ಕೈಯಲ್ಲಿರೋದು ಇನ್ನೊಂದು.

ಮೈನ್‌ಕ್ರಾಫ್ಟ್‌ದು ಇನ್ನೂ ನಿಧಾನ. 2014ರಲ್ಲಿ 250 ಕೋಟಿ ಡಾಲರಿಗೆ ಅದನ್ನ ಮಾಡಿದ ಮೊಜಾಂಗ್ ಸ್ಟುಡಿಯೋ ಮೈಕ್ರೋಸಾಫ್ಟ್‌ಗೆ ಮಾರಾಟ ಆದಾಗ ಜನ ಹೆದರಿದ್ದು 'ಬೇರೆ ಕನ್ಸೋಲ್‌ನಿಂದ ತೆಗೀತಾರೆ' ಅಂತ. ಅದು ಆಗಲೇ ಇಲ್ಲ. ಆದರೆ ಹಳೇ ಮೊಜಾಂಗ್ ಖಾತೆಗಳನ್ನ ಮೈಕ್ರೋಸಾಫ್ಟ್ ಖಾತೆಗೆ ಬದಲಿಸಿಕೊಳ್ಳಿ ಅಂತ ಗಡುವು ಕೊಟ್ಟು, 2023ರಲ್ಲಿ ಅದನ್ನ ಮುಗಿಸಿದರು. ಬದಲಿಸದವರು ದುಡ್ಡು ಕೊಟ್ಟ ಗೇಮ್‌ಗೇ ಪ್ರವೇಶ ಕಳೆದುಕೊಂಡರು. ಖರೀದಿಯಾದ ಒಂಬತ್ತು ವರ್ಷಕ್ಕೆ! ಕಾಲೇಜಲ್ಲಿದ್ದಾಗ ಮಾಡಿದ ಇಮೇಲ್, ಮರೆತ ಪಾಸ್‌ವರ್ಡ್, ಕಳೆದ ಸಿಮ್: ಇಂಥವರೇ ಸಿಕ್ಕಿಹಾಕಿಕೊಂಡಿದ್ದು. ನೀವು ಇವತ್ತೇ ಮಾಡಬೇಕಾದ ಇನ್ನೊಂದು ಕೆಲಸ ಇದು ಮಾರಾಯ್ರೆ: ಗೇಮ್‌ಗೆ ಕೊಟ್ಟಿರೋ ಇಮೇಲ್ ನಿಮ್ಮ ಈಗಿನ ಇಮೇಲ್ ಹೌದಾ, ಸ್ಟುಡಿಯೋದ ಪತ್ರಗಳು ಸ್ಪ್ಯಾಮ್‌ಗೆ ಹೋಗ್ತಾ ಇವೆಯಾ ನೋಡಿ, ಸ್ಟೀಮ್‌ನ ಖರೀದಿ ರಸೀದಿಯನ್ನ ಪಿಡಿಎಫ್ ಮಾಡಿಟ್ಟುಕೊಳ್ಳಿ. ಖಾತೆ ನಿಮ್ಮದು ಅಂತ ಸಾಬೀತು ಮಾಡೋ ದಿನ ಬಂದರೆ ಅದೇ ದಾಖಲೆ.

ಇನ್ನು ಸೇವ್ ಫೈಲ್, ಅಂದರೆ ನಿಮ್ಮ ಆಟ ಎಲ್ಲಿವರೆಗೆ ಬಂದಿದೆ ಅನ್ನೋ ದಾಖಲೆ. ವಿಂಡೋಸ್‌ನಲ್ಲಿ ಇವು ಅಡಗೋದು ಹೆಚ್ಚಾಗಿ ಇಂಥ ಕಡೆ: ಡಾಕ್ಯುಮೆಂಟ್ಸ್ ಒಳಗಿನ ಮೈ ಗೇಮ್ಸ್, ಆಪ್‌ಡೇಟಾ ಒಳಗಿನ ರೋಮಿಂಗ್, ಮತ್ತು ಯೂನಿಟಿ ಎಂಜಿನ್‌ನ ಗೇಮ್ ಆದರೆ ಆಪ್‌ಡೇಟಾ ಒಳಗಿನ ಲೋಕಲ್‌ಲೋ. ಆಪ್‌ಡೇಟಾ ಫೋಲ್ಡರ್ ಮಾಮೂಲಿಯಾಗಿ ಕಾಣಲ್ಲ, ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಟಿಕ್ ಮಾಡಬೇಕು. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ವಾಲ್ಹೈಮ್ ನಿಮ್ಮ ಥರದ್ದೇ ಸರ್ವೈವಲ್ ಗೇಮ್. ಅದರ ವರ್ಲ್ಡ್ ಅನ್ನ ಸ್ಟೀಮ್ ಕ್ಲೌಡ್‌ನಲ್ಲಿ ಇಡದಿದ್ದರೆ ಅದು ಇರೋದು ಲೋಕಲ್‌ಲೋ ಒಳಗೆ ಐರನ್‌ಗೇಟ್, ಅದರೊಳಗೆ ವಾಲ್ಹೈಮ್, ಅದರೊಳಗೆ ವರ್ಲ್ಡ್ಸ್ ಲೋಕಲ್ ಅನ್ನೋ ಫೋಲ್ಡರ್‌ನಲ್ಲಿ. ಒಂದು ವರ್ಲ್ಡ್‌ಗೆ ಒಂದೇ ಹೆಸರಿನ ಎರಡು ಫೈಲು, ಕೊನೆಯಲ್ಲಿ ಡಿಬಿ ಅಂತ ಒಂದಕ್ಕೆ, ಎಫ್‌ಡಬ್ಲ್ಯೂಎಲ್ ಅಂತ ಇನ್ನೊಂದಕ್ಕೆ. ದೊಡ್ಡದಾದ ಡಿಬಿ ಫೈಲ್ ಮಾತ್ರ ಕಾಪಿ ಮಾಡಿ, ಸಣ್ಣದನ್ನ ಕಸ ಅಂತ ಬಿಟ್ಟವರಿದ್ದಾರೆ. ಎರಡೂ ಇಲ್ಲದೆ ವರ್ಲ್ಡ್ ಸರಿಯಾಗಿ ವಾಪಸ್ ಬರಲ್ಲ. ನಿಮ್ಮ ಪಾತ್ರ ಮಾತ್ರ ಬೇರೆ ಫೋಲ್ಡರ್‌ನಲ್ಲಿರುತ್ತೆ. ಮುಖ್ಯವಾದ್ದು, ವರ್ಲ್ಡ್ ಫೈಲ್ ಇರೋದು ಹೋಸ್ಟ್ ಮಾಡುವವನ, ಅಂದರೆ ಉಳಿದವರನ್ನ ತನ್ನ ಆಟಕ್ಕೆ ಸೇರಿಸಿಕೊಳ್ಳುವವನ ಮಷೀನ್‌ನಲ್ಲಿ ಮಾತ್ರ. ಉಳಿದ ಮೂವರ ಲ್ಯಾಪ್‌ಟಾಪ್‌ನಲ್ಲಿ ಅದರ ಕಾಪಿ ಇರಲ್ಲ.

ಬ್ಯಾಕಪ್ ವಾಪಸ್ ಹಾಕುವಾಗ ಕೈಕೊಡೋದು ಸ್ಟೀಮ್ ಕ್ಲೌಡ್, ಅಂದರೆ ಸೇವ್ ಫೈಲಿನ ಪ್ರತಿಯನ್ನ ಸ್ಟೀಮ್ ತನ್ನ ಸರ್ವರ್‌ನಲ್ಲಿ ಇಡೋ ಸೌಲಭ್ಯ. ನೀವು ಹಳೇ ಫೈಲ್ ಇಟ್ಟು ಗೇಮ್ ತೆಗೆದರೆ, ಕ್ಲೌಡ್‌ನಲ್ಲಿರೋ ಪ್ರತಿ ಅದರ ಮೇಲೆ ಬಂದು ಕೂರಬಹುದು. ಮೊದಲು ಆ ಗೇಮ್‌ನ ಪ್ರಾಪರ್ಟೀಸ್‌ಗೆ ಹೋಗಿ ಕ್ಲೌಡ್ ಆಫ್ ಮಾಡಿ, ಆಮೇಲೆ ಫೈಲ್ ಹಾಕಿ. ಸ್ಟೀಮ್‌ನದೇ 'ಬ್ಯಾಕಪ್' ಸೌಲಭ್ಯವನ್ನ ನಂಬಿ ಕೂರಬೇಡಿ, ಅದನ್ನ ತೆರೆಯೋಕೆ ಮತ್ತೆ ಸ್ಟೀಮ್ ಖಾತೆಯೇ ಬೇಕು. ಗಾಗ್ ಅನ್ನೋ ಇನ್ನೊಂದು ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಅದೇ ಗೇಮ್ ಇದ್ದರೆ ಅಲ್ಲಿನ ಆಫ್‌ಲೈನ್ ಇನ್‌ಸ್ಟಾಲರ್ ಇಳಿಸಿಕೊಳ್ಳೋದು ಒಳ್ಳೇದು. ದೊಡ್ಡ ಗೇಮ್ ಆದರೆ ಅದು ಹಲವು ತುಂಡುಗಳಲ್ಲಿ ಬರುತ್ತೆ, ಎಲ್ಲವೂ ಒಂದೇ ಫೋಲ್ಡರ್‌ನಲ್ಲಿರಬೇಕು, ಒಂದು ತುಂಡು ತಪ್ಪಿದರೂ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತೆ. ಪೆನ್‌ಡ್ರೈವ್‌ಗೆ ಹಾಕುವಾಗ 'ಫೈಲ್ ತುಂಬಾ ದೊಡ್ಡದು' ಅಂತ ಬಂದರೆ ಡ್ರೈವ್ ಕೆಟ್ಟಿಲ್ಲ, ಅದು ಎಫ್‌ಎಟಿ32 ಆಗಿದೆ: 4 ಜಿಬಿ ದಾಟಿದ ಒಂದೇ ಫೈಲನ್ನ ಅದು ಹಿಡಿಯಲ್ಲ. ಡ್ರೈವ್ ಖಾಲಿ ಮಾಡಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಡಿಸ್ಕನ್ನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ನಮ್ಮ ಕಡೆ ಆಷಾಢದಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತೆ.

ಅಪ್‌ಡೇಟ್ ಬೇಡ ಅನ್ನೋ ಆಯ್ಕೆ ಸ್ಟೀಮ್‌ನಲ್ಲಿ ಪೂರ್ತಿಯಾಗಿ ಇಲ್ಲ. 'ಗೇಮ್ ತೆಗೆದಾಗ ಮಾತ್ರ ಅಪ್‌ಡೇಟ್' ಅಂತ ಇಡಬಹುದು, ಆಫ್‌ಲೈನ್ ಮೋಡ್‌ನಲ್ಲಿದ್ದರೆ ಆ ಅಪ್‌ಡೇಟೂ ಆಗಲ್ಲ. ಕೆಲವು ಸ್ಟುಡಿಯೋಗಳು ಪ್ರಾಪರ್ಟೀಸ್‌ನ ಬೀಟಾಸ್ ವಿಭಾಗದಲ್ಲಿ ಹಳೇ ಆವೃತ್ತಿಗಳನ್ನ ಇಟ್ಟಿರುತ್ತವೆ. ಈಗಲೇ ಒಂದು ಇಳಿಸಿಟ್ಟುಕೊಳ್ಳಿ.

ಮಲ್ಟಿಪ್ಲೇಯರ್ ಗಟ್ಟಿಯಾಗಿರಬೇಕು ಅಂದರೆ ಡೆಡಿಕೇಟೆಡ್ ಸರ್ವರ್ (ಆಟ ನಡೆಸೋಕೆ ಅಂತಲೇ ಇಟ್ಟ ಮಷೀನ್) ನೀವೇ ಇಟ್ಟುಕೊಳ್ಳೋಕೆ ಗೇಮ್ ಬಿಡುತ್ತಾ ನೋಡಿ. ಸ್ಟೀಮ್ ಲೈಬ್ರರಿಯಲ್ಲಿ ಟೂಲ್ಸ್ ಅಂತ ಫಿಲ್ಟರ್ ಹಾಕಿದರೆ ಕಾಣುತ್ತೆ. ಬಿಡುತ್ತೆ ಅಂದರೆ ಯಾರದ್ದಾದರೂ ಮನೆಯ ಹಳೇ 8 ಜಿಬಿ ಲ್ಯಾಪ್‌ಟಾಪ್ ಎಷ್ಟೋ ಗೇಮ್‌ಗಳಲ್ಲಿ ನಾಲ್ಕು ಜನಕ್ಕೆ ಸಾಕಾಗಬಹುದು. ಆದರೆ ಇಲ್ಲಿ ಒಂದು ತೊಡಕು: ಪೋರ್ಟ್ ಫಾರ್ವರ್ಡ್ (ಹೊರಗಿನವರು ಸರ್ವರ್ ತಲುಪೋಕೆ ರೌಟರ್‌ನಲ್ಲಿ ದಾರಿ ಬಿಡೋದು) ಎಲ್ಲ ಸರಿಯಾಗಿ ಮಾಡಿದರೂ ಕೆಲವು ಸಲ ಗೆಳೆಯರಿಗೆ ಸರ್ವರ್ ಸಿಗಲ್ಲ. ರೌಟರ್‌ನ ಸ್ಟೇಟಸ್ ಪುಟದಲ್ಲಿ ಹೊರಗಿನ ಐಪಿ ನೋಡಿ. ಅದು 100.64ರಿಂದ 100.127ರೊಳಗೆ ಅಥವಾ '10.' ಅಂತ ಚುಕ್ಕಿಯ ಸಮೇತ ಶುರುವಾಗಿದ್ದರೆ, ನಿಮ್ಮ ಇಂಟರ್ನೆಟ್ ಕಂಪನಿ ಒಂದೇ ವಿಳಾಸವನ್ನ ಹಲವು ಮನೆಗಳಿಗೆ ಹಂಚಿದೆ, ಪೋರ್ಟ್ ನಿಮ್ಮ ಮನೆ ತನಕ ಬರೋದೇ ಇಲ್ಲ. ಆಗ ಝೀರೋಟಿಯರ್ ಅಥವಾ ಟೇಲ್‌ಸ್ಕೇಲ್ ಅನ್ನೋ ಸಾಫ್ಟ್‌ವೇರ್ ಹಾಕಿ ನಾಲ್ಕೂ ಮಷೀನನ್ನ ಒಂದೇ ಖಾಸಗಿ ಜಾಲಕ್ಕೆ ಸೇರಿಸಿ. ಟೇಲ್‌ಸ್ಕೇಲ್‌ನಲ್ಲಿ ಗೇಮ್‌ನ ಲ್ಯಾನ್ (ಒಂದೇ ಜಾಲದ ಮಷೀನ್‌ಗಳ) ಪಟ್ಟಿಯಲ್ಲಿ ಸರ್ವರ್ ತಾನಾಗಿ ಕಾಣಲ್ಲ, ಐಪಿ ಕೈಯಾರೆ ಬರೀಬೇಕು. ಝೀರೋಟಿಯರ್‌ನಲ್ಲಿ ಸಾಮಾನ್ಯವಾಗಿ ಕಾಣುತ್ತೆ. ಕ್ರಾಸ್‌ಪ್ಲೇ (ಪಿಸಿಯವರು, ಕನ್ಸೋಲ್‌ನವರು ಒಟ್ಟಿಗೆ ಆಡೋದು) ಆನ್ ಮಾಡಿದರೆ ಎಷ್ಟೋ ಗೇಮ್‌ಗಳು ಇನ್ನೊಂದು ಕಂಪನಿಯ ಸರ್ವರ್ ಮೂಲಕ ಹೋಗುತ್ತವೆ. ನಾಲ್ವರೂ ಪಿಸಿಯಲ್ಲೇ ಆಡೋದಾದರೆ ಅದನ್ನ ಆಫ್ ಇಡಿ.

ಇಲ್ಲಿಂದ ಮುಂದೆ ಗಮನಿಸಬೇಕಾದ್ದು ಸ್ಟೋರ್ ಪುಟದ ಬಲಗಡೆಯ ಪೆಟ್ಟಿಗೆ. ಬೇರೆ ಕಂಪನಿಯ ಖಾತೆ ಬೇಕು ಅನ್ನೋ ಸಾಲು ಅಲ್ಲಿ ಹೊಸದಾಗಿ ಬಂದ ದಿನ ಎಚ್ಚರವಾಗಿ. ಇದಕ್ಕೆ ಮಾರಾಟವೇ ಆಗಬೇಕು ಅಂತಿಲ್ಲ, ಚೇಣಿಯವನೂ ಮಾಡಬಹುದು: ಹೆಲ್‌ಡೈವರ್ಸ್ 2 ಮಾಡಿದ ಆ್ಯರೋಹೆಡ್ ಸ್ವತಂತ್ರ ಸ್ಟುಡಿಯೋ, ಆದರೂ ಪಬ್ಲಿಷರ್ ಸೋನಿ 2024ರ ಮೇನಲ್ಲಿ ಪಿಸಿ ಆಟಗಾರರಿಗೆ ತನ್ನ ಖಾತೆ ಕಡ್ಡಾಯ ಅಂತ ಹೇಳಿತು. ಸ್ಟೀಮ್‌ನಲ್ಲಿ ಕೆಟ್ಟ ವಿಮರ್ಶೆಗಳ ಮಳೆ ಸುರಿದ ಮೇಲೆ ಕೆಲವೇ ದಿನದಲ್ಲಿ ಹಿಂದೆ ಸರಿಯಿತು. ಹಾಗಾಗಿ ವಿಮರ್ಶೆ ಬರೆಯೋದು ದಂಡ ಅಂತ ತಿಳಿಯಬೇಡಿ. 'ಇಂಥ ಅಪ್‌ಡೇಟ್ ಆದಮೇಲೆ ಆಫ್‌ಲೈನ್ ಆಡೋಕೆ ಆಗ್ತಿಲ್ಲ' ಅಂತ ಒಂದು ಸಾಲು ಬರೆದರೂ ಸಾಕು.

ಡಿಎಲ್‌ಸಿ ಬಗ್ಗೆ: ಕಥೆ, ನಕ್ಷೆ, ಹೊಸ ಪ್ರದೇಶ ಇರೋದಾದರೆ ಸೇಲ್‌ನಲ್ಲಿ ತಗೊಳ್ಳಿ. ಬರೀ ಅಂಗಿ-ಟೋಪಿ, ಸೀಸನ್ ಪಾಸ್, ಗೇಮ್ ಒಳಗಿನ ನಾಣ್ಯ ಆದರೆ ಆರು ತಿಂಗಳು ತಡೀರಿ, ಉಚಿತ ಮಾಡಿ ಹಂಚೋ ಸಾಧ್ಯತೆ ಇರೋದು ಅದನ್ನೇ. ತಗೊಂಡ ದಿನ ಸಂಜೆಯೇ ರೌಟರ್ ಆಫ್ ಮಾಡಿ ಪರೀಕ್ಷಿಸಿ. ಕೊಂಡು 14 ದಿನದೊಳಗೆ, ಕೊಂಡಮೇಲೆ ಮೂಲ ಗೇಮ್ ಆಡಿದ್ದು 2 ಗಂಟೆ ದಾಟಿರದಿದ್ದರೆ, ಸ್ಟೀಮ್ ಡಿಎಲ್‌ಸಿ ದುಡ್ಡು ವಾಪಸ್ ಕೊಡುತ್ತೆ, ಆ ಡಿಎಲ್‌ಸಿಯಲ್ಲಿ ಖರ್ಚಾಗಿಹೋಗೋ ವಸ್ತುಗಳನ್ನ ಬಳಸಿರಬಾರದು ಅಷ್ಟೇ. ನೆನಪಿಡಿ, ಆಫ್‌ಲೈನ್ ಪರೀಕ್ಷೆ ಮಾಡ್ತಾ ಮಾಡ್ತಾ ರಾತ್ರಿಯಿಡೀ ಆಡಿಬಿಟ್ಟರೆ ಆ ಎರಡು ಗಂಟೆ ಮುಗಿದೇ ಹೋಗುತ್ತೆ. ಮತ್ತೆ ನಿಮ್ಮಲ್ಲಿ ಹೋಸ್ಟ್ ಮಾಡೋ ಗೆಳೆಯ ಲ್ಯಾಪ್‌ಟಾಪ್ ಮಾರೋ ಯೋಚನೆಯಲ್ಲಿದ್ದರೆ, ಇದೆಲ್ಲಕ್ಕಿಂತ ಮೊದಲು ವರ್ಲ್ಡ್ ಫೈಲ್ ಅವನ ಹತ್ತಿರ ಇಸ್ಕೊಳ್ಳಿ.