ಎತ್ತರಿಸಿದ ವಾಹನದ ಸ್ಟೀರಿಂಗ್ ನಡುಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನದು ಮುಂದಿನ ಎರಡೂ ಚಕ್ರಗಳಿಗೆ ಒಂದೇ ಗಟ್ಟಿ ಆಕ್ಸಲ್ ಇರುವ ಫೋರ್ ವೀಲ್ ಡ್ರೈವ್ ವಾಹನ. ಮೂರು ತಿಂಗಳ ಹಿಂದೆ ವಾಹನವನ್ನು ಎತ್ತರಿಸುವ 2 ಇಂಚಿನ ಲಿಫ್ಟ್ ಕಿಟ್ ಮತ್ತು 33 ಇಂಚಿನ ಟೈರ್ ಹಾಕಿಸಿದೆ. ಈಗ ಗಂಟೆಗೆ 70 ಕಿ.ಮೀ. ವೇಗದಲ್ಲಿ ಒಂದು ಚಕ್ರ ಗುಂಡಿಗೆ ಇಳಿದರೆ ಸಾಕು, ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಂತೆ ಅದುರತೊಡಗುತ್ತದೆ; ವೇಗ 40ಕ್ಕಿಂತ ಕೆಳಗಿಳಿಯುವವರೆಗೆ ನಿಲ್ಲುವುದೇ ಇಲ್ಲ. ಗ್ಯಾರೇಜಿನವರು ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಕೊಟ್ಟರು. ಎರಡು ವಾರ ಸುಮ್ಮನಿದ್ದ ನಡುಕ ಮತ್ತೆ ಶುರುವಾಗಿದೆ. ಇನ್ನೂ ದೊಡ್ಡ ಡ್ಯಾಂಪರ್ ಹಾಕಿಸಬೇಕೇ?

ಉತ್ತರ: ಬೇಡ. ಡ್ಯಾಂಪರ್ ಇರುವುದು ರಸ್ತೆಯ ಸಣ್ಣಪುಟ್ಟ ಹೊಡೆತಗಳು ಕೈಗೆ ಮುಟ್ಟದಂತೆ ಹೀರಿಕೊಳ್ಳಲು. ಸಡಿಲಗೊಂಡ ಜೋಡಣೆಯನ್ನು ಬಿಗಿಹಿಡಿಯುವುದು ಅದರ ಕೆಲಸವಲ್ಲ. ನಿಮ್ಮ ಹೊಸ ಡ್ಯಾಂಪರ್ ಎರಡು ವಾರ ನಡುಕವನ್ನು ಮುಚ್ಚಿಟ್ಟಿತು, ಅಷ್ಟರಲ್ಲಿ ಒಳಗಿನ ದೋಷ ಇನ್ನಷ್ಟು ಬೆಳೆಯಿತು ಎಂದೇ ತಿಳಿಯಿರಿ. ಜೋಡಣೆಗಳೆಲ್ಲ ಬಿಗಿಯಾಗಿರುವ ವಾಹನ ಡ್ಯಾಂಪರ್ ಕೆಟ್ಟಿದ್ದರೂ ಈ ರೀತಿ ಕುಣಿಯುವುದಿಲ್ಲ.

ಇಂಥ ಆಕ್ಸಲ್‌ನಲ್ಲಿ ಎರಡೂ ಚಕ್ರಗಳು ಒಂದೇ ಅಡ್ಡ ಸರಳಾದ ಟೈ ರಾಡ್‌ಗೆ ಕಟ್ಟುಬಿದ್ದಿರುವುದರಿಂದ, ಒಂದು ಚಕ್ರ ಎಡಬಲಕ್ಕೆ ತೊನೆದರೆ ಇನ್ನೊಂದೂ ಅದರೊಡನೆ ತೊನೆಯಲೇಬೇಕು. 33 ಇಂಚಿನ ಟೈರಿನ ಸುತ್ತಳತೆ ಸುಮಾರು 2.6 ಮೀಟರ್, 70 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಏಳು ಬಾರಿಗೂ ಹೆಚ್ಚು ಸುತ್ತುತ್ತದೆ. ಈ ಸುತ್ತಿನ ಲಯವೂ ಸ್ಟೀರಿಂಗ್ ಜೋಡಣೆ ತಾನಾಗಿ ಅಲುಗುವ ಲಯವೂ ಹತ್ತಿರ ಬಂದಾಗ, ಗುಂಡಿಯ ಒಂದು ಹೊಡೆತ ಕಿಡಿಯಂತೆ ಸಾಕಾಗುತ್ತದೆ. ಅನಂತರ ಓಡುವ ವಾಹನದ ಶಕ್ತಿಯೇ ನಡುಕವನ್ನು ಸಾಕುತ್ತದೆ; ವೇಗ ಇಳಿಸದೆ ಅದು ನಿಲ್ಲದಿರುವುದು ಇದೇ ಕಾರಣಕ್ಕೆ. ಟೈರ್ ದೊಡ್ಡದಾಗಿ ಭಾರ ಹೆಚ್ಚಿದಷ್ಟೂ ಮೊದಲು ತೊಂದರೆ ಕೊಡದಿದ್ದ ಅಲ್ಪಸ್ವಲ್ಪ ಪ್ಲೇ (ಜೋಡಣೆಯ ಸಡಿಲ ಅಲುಗಾಟ) ಕೂಡ ನಡುಕಕ್ಕೆ ದಾರಿಮಾಡಿಕೊಡುತ್ತದೆ.

ಹಾಗಾಗಿ ಮೊದಲು ಹುಡುಕಬೇಕಾದದ್ದು ಪ್ಲೇ. ಅದನ್ನು ಹುಡುಕಲು ಖರ್ಚಿಲ್ಲ, ಒಬ್ಬ ಸಹಾಯಕ ಸಾಕು. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಅಡ್ಡ ಕಲ್ಲಿಡಿ. ಜಾಕ್ ಏರಿಸಬೇಡಿ, ಭಾರವೆಲ್ಲ ಚಕ್ರಗಳ ಮೇಲೆಯೇ ಇರಬೇಕು. ಎಂಜಿನ್ ಚಾಲೂ ಇರುವಾಗ ಸಹಾಯಕರು ಸ್ಟೀರಿಂಗನ್ನು ಕಾಲು ಸುತ್ತಿನಷ್ಟು ಎಡಕ್ಕೂ ಬಲಕ್ಕೂ ಬೇಗಬೇಗನೆ ತಿರುಗಿಸುತ್ತಿರಲಿ, ನೀವು ಮುಂಭಾಗದಲ್ಲಿ ಬಗ್ಗಿ ಒಂದೊಂದೇ ಜೋಡಣೆಯನ್ನು ನೋಡುತ್ತ ಬನ್ನಿ. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ: ಜೋಡಣೆಯ ಎರಡು ಭಾಗಗಳೂ ತಾಗುವಂತೆ ಬೆರಳಿಟ್ಟರೆ, ಒಂದು ಅಲುಗಿ ಇನ್ನೊಂದು ತಡವಾಗಿ ಹಿಂಬಾಲಿಸುವುದು ತಿಳಿಯುತ್ತದೆ.

ನನ್ನ ಅನುಭವದಲ್ಲಿ ಮೊದಲ ಸಂಶಯ ಟ್ರ್ಯಾಕ್ ಬಾರ್ ಮೇಲೆಯೇ ಇರಬೇಕು. ಪ್ಯಾನ್‌ಹಾರ್ಡ್ ರಾಡ್ ಎಂದೂ ಕರೆಯುವ ಈ ಸರಳು ಒಂದು ತುದಿಯಲ್ಲಿ ವಾಹನದ ಚೌಕಟ್ಟಾದ ಚಾಸಿಗೂ ಇನ್ನೊಂದು ತುದಿಯಲ್ಲಿ ಆಕ್ಸಲ್‌ಗೂ ಸೇರಿ, ಆಕ್ಸಲ್ ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ. ಅದರ ತುದಿಯ ರಬ್ಬರ್ ಬುಷ್ ಸವೆದಿದ್ದರೆ ಅಥವಾ ಬೋಲ್ಟ್ ಸಡಿಲವಾಗಿದ್ದರೆ ಇಡೀ ಆಕ್ಸಲ್ ಅತ್ತಿತ್ತ ಹೊಯ್ದಾಡುತ್ತದೆ. ಸಡಿಲ ಬೋಲ್ಟಿನಲ್ಲೇ ಬಹುಕಾಲ ಓಡಿಸಿದ್ದರೆ ಬ್ರಾಕೆಟ್ಟಿನ ರಂಧ್ರವೇ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆಗ ಎಷ್ಟು ಬಿಗಿ ಮಾಡಿದರೂ ಪ್ರಯೋಜನವಿಲ್ಲ. ಸರಿಯಳತೆಯ ರಂಧ್ರವಿರುವ ದಪ್ಪ ವಾಷರ್ ಅನ್ನು ಬ್ರಾಕೆಟ್ಟಿಗೆ ವೆಲ್ಡ್ ಮಾಡಿಸಬೇಕು, ಇಲ್ಲವೇ ಬ್ರಾಕೆಟ್ಟನ್ನೇ ಬದಲಿಸಬೇಕು. ಬಿಗಿ ಮಾಡುವ ಕ್ರಮದಲ್ಲೂ ಒಂದು ಸೂಕ್ಷ್ಮವಿದೆ. ಲಿಫ್ಟ್ ಕಿಟ್ ಹಾಕುವಾಗ ಚಕ್ರಗಳು ಗಾಳಿಯಲ್ಲಿ ತೂಗುತ್ತಿರುವಾಗಲೇ ಬುಷ್‌ಗಳ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಟ್ಟರೆ, ವಾಹನ ನೆಲಕ್ಕಿಳಿದಾಗ ರಬ್ಬರ್ ತಿರುಚಿಕೊಂಡೇ ಉಳಿದು ಕೆಲವು ತಿಂಗಳಲ್ಲಿ ಹರಿಯುತ್ತದೆ. ವಾಹನ ತನ್ನ ಭಾರದಲ್ಲಿ ನಿಂತ ಮೇಲೆಯೇ ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ನಿಮ್ಮ ನಡುಕ ಕಿಟ್ ಹಾಕಿಸಿದ ಮೂರೇ ತಿಂಗಳಲ್ಲಿ ಕಾಣಿಸಿಕೊಂಡಿರುವುದರಿಂದ ಇದನ್ನು ಮೊದಲು ನೋಡಿಸಿ.

ಟ್ರ್ಯಾಕ್ ಬಾರ್ ನಿರ್ದೋಷಿ ಎಂದಾದರೆ ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕಿನ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು) ತುದಿಗಳು, ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂರುವ ಬೋಲ್ಟುಗಳು, ಆಕ್ಸಲನ್ನು ಹಿಡಿದಿರುವ ತೋಳುಗಳ ಬುಷ್‌ಗಳು, ಈ ಕ್ರಮದಲ್ಲಿ ನೋಡಿ. ಆನಂತರ ಆಕ್ಸಲನ್ನು ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಅಲುಗಾಟ ಕಂಡರೆ ಸಹಾಯಕರಿಂದ ಬ್ರೇಕ್ ಒತ್ತಿಸಿ ಮತ್ತೊಮ್ಮೆ ಪರೀಕ್ಷಿಸಿ: ಬ್ರೇಕ್ ಒತ್ತಿದಾಗ ಮಾಯವಾದರೆ ದೋಷ ವೀಲ್ ಬೇರಿಂಗಿನದು, ಹಾಗೆಯೇ ಉಳಿದರೆ ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್ನಿನದು.

ದುರಸ್ತಿಯಾಗುವವರೆಗೆ ವೇಗದ ರಸ್ತೆಗೆ ಇಳಿಯಬೇಡಿ. ಓಡಿಸುವಾಗ ನಡುಕ ಬಂದೇಬಿಟ್ಟರೆ ಸ್ಟೀರಿಂಗನ್ನು ಗಟ್ಟಿಯಾಗಿ, ಆದರೆ ಅದರೊಡನೆ ಜಗ್ಗಾಡದೆ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಹದವಾಗಿ ವೇಗ ಇಳಿಸಿ ಬದಿಗೆ ನಿಲ್ಲಿಸಿ. ಇಂಥ ಪ್ರತಿಯೊಂದು ನಡುಕವೂ ಬಾಲ್ ಜಾಯಿಂಟುಗಳನ್ನು ಸುತ್ತಿಗೆಯಿಂದ ಬಡಿದಂತೆ ಬಡಿದಿರುತ್ತದೆ. ಆದ್ದರಿಂದ ಒಂದು ದೋಷ ಸಿಕ್ಕಿತೆಂದು ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬಾರದು.

ಪ್ರಶ್ನೆ: ನನ್ನ ವಾಹನಕ್ಕೂ ಲಿಫ್ಟ್ ಕಿಟ್ ಇದೆ. ಆದರೆ ಗುಂಡಿಗೂ ನಡುಕಕ್ಕೂ ಸಂಬಂಧವಿಲ್ಲ. 80 ದಾಟಿದೊಡನೆ ಸ್ಟೀರಿಂಗ್ ಸಣ್ಣಗೆ ಅದುರುತ್ತದೆ, 95ಕ್ಕೆ ಕಡಿಮೆಯಾಗುತ್ತದೆ.

ಉತ್ತರ: ಇದು ಬೇರೆಯೇ ಕಾಯಿಲೆ. ನಿರ್ದಿಷ್ಟ ವೇಗಕ್ಕೆ ಬಂದು ಅದನ್ನು ದಾಟಿದೊಡನೆ ಹೋಗುವ ಅದುರು ಬಹುಪಾಲು ಚಕ್ರದ ಬ್ಯಾಲೆನ್ಸಿಂಗಿನದು. ಗ್ಯಾರೇಜಿಗೆ ಹೋಗುವ ಮುನ್ನ ರಿಮ್ಮಿನ ಒಳಮೈಯನ್ನು ನೋಡಿ; ಒಣಗಿ ಅಂಟಿರುವ ಒಂದು ಹಿಡಿ ಕೆಸರು ಬ್ಯಾಲೆನ್ಸ್ ಕೆಡಿಸಲು ಧಾರಾಳ ಸಾಕು. ಅನಂತರ ಮುಂದಿನ ಚಕ್ರಗಳನ್ನು ಹಿಂದಕ್ಕೆ ಹಾಕಿ ಓಡಿಸಿ. ಅದುರು ಸ್ಟೀರಿಂಗ್ ಬಿಟ್ಟು ಸೀಟಿಗೆ ಬಂದರೆ ದೋಷ ಆ ಚಕ್ರಗಳಲ್ಲೇ ಇದೆ.

ಪ್ರಶ್ನೆ: ನನ್ನ ಸುಜುಕಿ ಜಿಮ್ನಿಯನ್ನು 2 ಇಂಚು ಎತ್ತರಿಸಿದ ಮೇಲೆ ಸ್ಟೀರಿಂಗ್ ಗೊತ್ತುಗುರಿಯಿಲ್ಲದೆ ಅಲೆಯುತ್ತದೆ, ತಿರುವಿನ ನಂತರ ತಾನಾಗಿ ನೇರವಾಗುವುದಿಲ್ಲ, ಆಗಾಗ ನಡುಗುತ್ತದೆ. ಅಲೈನ್‌ಮೆಂಟ್ ಮಾಡಿಸಿದೆ, ಎಲ್ಲ ಸರಿಯಿದೆ ಎನ್ನುತ್ತಾರೆ.

ಉತ್ತರ: ಅವರು ಸರಿಯಿದೆ ಎಂದದ್ದು ಬಹುಶಃ ಟೋ ಅಳತೆಯನ್ನು (ಮೇಲಿಂದ ನೋಡಿದಾಗ ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ). ನಿಮಗೆ ಬೇಕಾದದ್ದು ಕ್ಯಾಸ್ಟರ್ ಅಳತೆ. ಅದನ್ನು ಡಿಗ್ರಿಯಲ್ಲಿ ಬರೆದ ಚೀಟಿಯನ್ನೇ ಕೇಳಿ ಪಡೆಯಿರಿ. ಚಕ್ರ ತಿರುಗುವ ಅಚ್ಚು ಮೇಲ್ತುದಿಯಲ್ಲಿ ತುಸು ಹಿಂದಕ್ಕೆ ವಾಲಿರುವುದನ್ನು ಕ್ಯಾಸ್ಟರ್ ಎನ್ನುತ್ತೇವೆ. ತಿರುವಿನ ನಂತರ ಸ್ಟೀರಿಂಗ್ ನೇರಕ್ಕೆ ಮರಳುವುದು ಮುಖ್ಯವಾಗಿ ಈ ವಾಲಿಕೆಯಿಂದ. ಜಿಮ್ನಿಯ ಮುಂದಿನ ಆಕ್ಸಲ್ ರೇಡಿಯಸ್ ಆರ್ಮ್ ಎಂಬ ತೋಳುಗಳಿಗೆ ಬಿಗಿದಿದ್ದು, ವಾಹನ ಎತ್ತರವಾದಂತೆ ತೋಳುಗಳ ಓರೆಯೊಂದಿಗೆ ಆಕ್ಸಲ್ ಕೂಡ ಮುಂದಕ್ಕೆ ಉರುಳುತ್ತದೆ. 70 ಸೆಂ.ಮೀ. ಉದ್ದದ ತೋಳು ಎಂದಿಟ್ಟುಕೊಂಡರೆ 5 ಸೆಂ.ಮೀ. ಎತ್ತರಕ್ಕೆ ಸುಮಾರು 4 ಡಿಗ್ರಿ ಕ್ಯಾಸ್ಟರ್ ಹೋಯಿತು. ಇದನ್ನು ರಂಧ್ರವನ್ನು ಕೇಂದ್ರದಿಂದ ತಪ್ಪಿಸಿ ಕೊರೆದ ಕ್ಯಾಸ್ಟರ್ ಬುಷ್‌ಗಳಿಂದ ಅಥವಾ ಬದಲಿ ತೋಳುಗಳಿಂದ ಮರಳಿ ಪಡೆಯಬಹುದು. ಆದರೆ ಆಸೆಬುರುಕತನ ಬೇಡ: ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಆಕ್ಸಲ್ ನಡುವಿನ ಗೇರುಗಳ ಡಿಫರೆನ್ಷಿಯಲ್‌ನ ಮೂತಿ ಕೆಳಗಿಳಿದು ಅದಕ್ಕೆ ಶಕ್ತಿ ತರುವ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಅತಿಯಾದ ಕ್ಯಾಸ್ಟರ್ ಕೂಡ ನಡುಕಕ್ಕೆ ಇಂಬು ಕೊಡುತ್ತದೆ. ಕಂಪನಿಯ ಮೂಲ ಅಳತೆಗೆ ಮರಳಿಸಿದರೆ ಸಾಕು.

ಅಲೆದಾಟ ಇಷ್ಟರಿಂದ ಹೋಗಬಹುದು, ನಡುಕ ಹೋಗುತ್ತದೆಂಬ ಭರವಸೆ ಬೇಡ. ಅದಕ್ಕೆ ಮೊದಲ ಉತ್ತರದ ಪ್ಲೇ ಪರೀಕ್ಷೆ ನಿಮಗೂ ಅನ್ವಯಿಸುತ್ತದೆ; ಎರಡನ್ನೂ ಒಂದೇ ದಿನ ಸರಿಪಡಿಸದೆ ಒಂದಾದ ಮೇಲೊಂದು ಮಾಡಿ, ನಡುವೆ ಓಡಿಸಿ ನೋಡಿದರೆ ಯಾವುದು ಕಾರಣವಾಗಿತ್ತೆಂಬುದು ತಿಳಿಯುತ್ತದೆ.

ಪ್ರಶ್ನೆ: ಲಿಫ್ಟ್ ನಂತರ ನೇರ ರಸ್ತೆಯಲ್ಲೂ ಸ್ಟೀರಿಂಗ್ ಓರೆಯಾಗಿ ನಿಲ್ಲುತ್ತದೆ. ನಡುಕವಿಲ್ಲ. ಟೈ ರಾಡ್ ಸರಿಪಡಿಸಬೇಕೇ?

ಉತ್ತರ: ಟೈ ರಾಡ್ ಮುಟ್ಟಿದರೆ ಟೋ ಕೆಡುತ್ತದೆ. ಎತ್ತರಿಸಿದಾಗ ಡ್ರ್ಯಾಗ್ ಲಿಂಕಿನ ಓರೆ ಹೆಚ್ಚಿ, ಅಡ್ಡಕ್ಕೆ ಅದರ ಅಳತೆ ಕುಗ್ಗಿರುತ್ತದೆ. ಅದರ ಉದ್ದವನ್ನು ಹೊಂದಿಸಿ ಸ್ಟೀರಿಂಗನ್ನು ನೇರ ಮಾಡಿಸಿ. ಟ್ರ್ಯಾಕ್ ಬಾರ್ ಕೂಡ ಹೀಗೆಯೇ ಕುಗ್ಗಿ ಆಕ್ಸಲನ್ನು ಪಕ್ಕಕ್ಕೆ ಎಳೆದಿರುತ್ತದೆ: 80 ಸೆಂ.ಮೀ. ಉದ್ದದ ಸರಳಿನ ಎರಡು ತುದಿಗಳ ಎತ್ತರದ ವ್ಯತ್ಯಾಸ 10ರಿಂದ 15 ಸೆಂ.ಮೀ.ಗೆ ಏರಿದರೆ ಆಕ್ಸಲ್ ಸುಮಾರು 8 ಮಿ.ಮೀ. ಸರಿಯುತ್ತದೆ. ಉದ್ದ ಹೊಂದಿಸಬಲ್ಲ ಟ್ರ್ಯಾಕ್ ಬಾರ್ ಹಾಕಿಸುವುದಾದರೆ ಅದನ್ನು ಮೊದಲು ಮುಗಿಸಿ, ಆಮೇಲೆ ಡ್ರ್ಯಾಗ್ ಲಿಂಕಿಗೆ ಕೈಹಾಕಿ. ಮುಂದಿನಿಂದ ನೋಡಿದಾಗ ಇವೆರಡೂ ಒಂದಕ್ಕೊಂದು ಸಮಾನಾಂತರವಾಗಿ ಕಾಣಬೇಕು. ಒಂದರ ಬ್ರಾಕೆಟ್ಟನ್ನು ಮಾತ್ರ ಮೇಲೆ ಕೆಳಗೆ ಮಾಡಿದರೆ ಪ್ರತಿ ಉಬ್ಬಿಗೂ ವಾಹನ ತಾನಾಗಿ ಪಕ್ಕಕ್ಕೆ ತಿರುಗತೊಡಗುತ್ತದೆ.