ಹಣೆಯ ಬೂದಿ, ಮೂರು ತಾಸಿನ ಆರಾಧನೆ: ಬೈಬಲಿನಲ್ಲಿಲ್ಲದ ಆಚರಣೆಗಳು ಬಂದದ್ದೆಲ್ಲಿಂದ?

ಪ್ರಶ್ನೆ: ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದರೆ, ಪೆಂತೆಕೋಸ್ತ ಸಭೆಗೆ ಹೋಗುವ ನಮ್ಮ ಕಾಕಾ ‘ಇದು ಬೈಬಲಿನಾಗ ಎಲ್ಲೈತಿ, ತೋರಿಸು’ ಅಂತಾರೆ. ಏನು ಹೇಳಬೇಕು? ಇನ್ನೊಂದು ವಿಷಯ: ಈ ಸಲ ನಮ್ಮ ಧರ್ಮಕೇಂದ್ರದ ಹುಡುಗರೇ ಬೂದಿ ಮಾಡಿದ್ದರು. ಕೆಲವು ಮಕ್ಕಳ ಹಣೆ ಉರಿದು ಕೆಂಪಾಯಿತು. ಯಾಕೆ?
— ಮಾನ್ವಿ, ರಾಯಚೂರು ಜಿಲ್ಲೆ

ಉತ್ತರ: ಕಾಕಾ ಕೇಳಿದ್ದು ನ್ಯಾಯವಾಗಿಯೇ ಇದೆ. ಈಸ್ಟರಿಗೆ ಮುಂಚಿನ 40 ದಿನದ ಉಪವಾಸ, ಅಂದರೆ ತಪಸ್ಸುಕಾಲ, ಶುರುವಾಗುವ ಬೂದಿ ಬುಧವಾರ ಎಂಬ ದಿನ ಬೈಬಲಿನಲ್ಲಿಲ್ಲ. ಬೂದಿ ಮಾತ್ರ ಧಾರಾಳವಾಗಿದೆ. ಯೋನನ ಮಾತು ಕೇಳಿ ನಿನೆವೆಯ ಅರಸ ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕೂತ (ಯೋನ 3:6). ದಾನಿಯೇಲ ಬೂದಿಯಲ್ಲೇ ಪ್ರಾರ್ಥಿಸಿದ (ದಾನಿಯೇಲ 9:3). ಪಶ್ಚಾತ್ತಾಪದ ಗುರುತಾಗಿ ಯೇಸುಸ್ವಾಮಿಯೇ ಗೋಣಿತಟ್ಟು, ಬೂದಿ ಎರಡರ ಹೆಸರನ್ನೂ ಎತ್ತುತ್ತಾರೆ (ಮತ್ತಾಯ 11:21). ಆದರೆ ಶಿಷ್ಯರಿಗೆ ‘ನೀವೂ ಹಚ್ಚಿಕೊಳ್ಳಿ’ ಎಂದು ಅವರು ಎಲ್ಲೂ ಹೇಳಿಲ್ಲ.

ಬೈಬಲಿನ ಬೂದಿ ಚರ್ಚಿನ ಬೂದಿಯಾದದ್ದು ನಿಧಾನಕ್ಕೆ. ಆದಿ ಶತಮಾನಗಳಲ್ಲಿ ಕೊಲೆ, ವ್ಯಭಿಚಾರ, ವಿಶ್ವಾಸತ್ಯಾಗದಂಥ ಘೋರ ಪಾಪ ಮಾಡಿದವರು ಸಭೆಯೆದುರು ಬಹಿರಂಗವಾಗಿ ಪ್ರಾಯಶ್ಚಿತ್ತ ಮಾಡಬೇಕಿತ್ತು. ತಪಸ್ಸುಕಾಲದ ಆರಂಭದಲ್ಲಿ ಅವರಿಗೆ ಗೋಣಿತಟ್ಟು ಉಡಿಸಿ, ಬೂದಿ ಉದುರಿಸಿ ಹೊರಗೆ ಕಳಿಸುವ, ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ ಮತ್ತೆ ಒಳಗೆ ಕರೆದುಕೊಳ್ಳುವ ಪದ್ಧತಿ ಬೆಳೆಯಿತು. ಆ ಶಿಸ್ತು ಸಡಿಲವಾದಂತೆ ‘ಪಾಪಿಗಳು ನಾವೂ ಹೌದು’ ಎಂದು ಉಳಿದವರೂ ಬೂದಿಗೆ ತಲೆಯೊಡ್ಡಿದರು. 1091ರಲ್ಲಿ ಇಟಲಿಯ ಬೆನೆವೆಂಟೊದಲ್ಲಿ ಸೇರಿದ ಸಭೆಯಲ್ಲಿ ಎರಡನೇ ಅರ್ಬನ್ ಪೋಪ್ ಇದನ್ನು ಎಲ್ಲರಿಗೂ ಅನ್ವಯಿಸಿದರು. ಅಂದರೆ, ಅಪರಾಧಿಗಳ ಗುರುತನ್ನು ಇಡೀ ಸಭೆ ತಾನಾಗಿ ಹೊತ್ತುಕೊಂಡಿತು. ಈ ಆಚರಣೆಯಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದೇ.

ಬುಧವಾರವೇ ಯಾಕೆ ಎಂದರೆ ಲೆಕ್ಕದ ಕಾರಣ. ಭಾನುವಾರ ಪುನರುತ್ಥಾನದ ದಿನ, ಉಪವಾಸವಿಲ್ಲ. ಆರು ವಾರದಲ್ಲಿ ಆರು ಭಾನುವಾರ ಕಳೆದರೆ ಉಳಿಯುವುದು 36 ದಿನ. 40 ತುಂಬಿಸಲು ಮೊದಲಿಗೆ ನಾಲ್ಕು ದಿನ ಸೇರಿಸಿದರು. ಹಾಗಾಗಿ ಈಸ್ಟರಿಗೆ 46 ದಿನ ಮುಂಚೆ ಬೂದಿ ಬುಧವಾರ ಬರುತ್ತದೆ.

ಕಾಕಾ ಬಹುಶಃ ಮತ್ತಾಯ 6:16ನ್ನೂ ಎತ್ತಿಯಾರು: ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳಬೇಡಿ, ತೊಳೆದುಕೊಳ್ಳಿ ಎಂಬ ಮಾತು. ಕಥೋಲಿಕ ಪೂಜೆಯಲ್ಲಿ ಅದೇ ದಿನ ಓದುವ ಶುಭಸಂದೇಶವೂ ಅದೇ ಭಾಗ. ಮೆರೆಸಲಿಕ್ಕೆ ಹಚ್ಚಿಸಿಕೊಂಡರೆ ಆಚರಣೆಯೇ ಕೆಟ್ಟಿತು ಎಂಬ ಎಚ್ಚರಿಕೆ ಅದರೊಳಗೇ ಇದೆ. ಅವರೊಂದಿಗೆ ವಾದಕ್ಕಿಳಿಯುವ ಬದಲು ಆ ಭಾಗವನ್ನು ಕೂಡಿ ಓದಿ.

ಇನ್ನು ಉರಿಯ ವಿಷಯ. ಬೂದಿಗೆ ನೀರು ಹಾಕಿ ಕಲಸಿದ್ದರೇ ಎಂದು ಮೊದಲು ಕೇಳಿ ನೋಡಿ. ಗಿಡಮರಗಳ ಬೂದಿಯಲ್ಲಿ ಕ್ಷಾರ ಇರುತ್ತದೆ. ನೀರು ಸೇರಿದರೆ ಅದು ಬಿಟ್ಟುಕೊಂಡು ಚರ್ಮ ಸುಡುತ್ತದೆ, ಎಳೆಯ ಚರ್ಮಕ್ಕೆ ಇನ್ನೂ ಬೇಗ. ಪೂರ್ತಿ ಉರಿದು ಬಿಳಿಚಿಕೊಂಡ ಬೂದಿಯಲ್ಲಿ ಕ್ಷಾರ ಹೆಚ್ಚು, ಕಪ್ಪಾಗಿ ಉಳಿದದ್ದರಲ್ಲಿ ಕಡಿಮೆ. ಹಣೆಯ ಮೇಲೆ ಎದ್ದು ಕಾಣುವುದೂ ಕಪ್ಪೇ.

ಮುಂದಿನ ವರ್ಷ ಹೀಗೆ ಮಾಡಲಿ. ಹಿಂದಿನ ಗರಿಗಳ ಭಾನುವಾರ (ಈಸ್ಟರಿಗೆ ಮುಂಚಿನ ಭಾನುವಾರ) ಆಶೀರ್ವದಿಸಿದ ಗರಿಗಳನ್ನು ಎರಡು ವಾರ ಮುಂಚೆ ಮನೆಮನೆಯಿಂದ ಕೂಡಿಹಾಕಿ. ಈಚಲಾಗಲಿ ತೆಂಗಾಗಲಿ, ನಡುವಿನ ಕಡ್ಡಿ ಸೀಳಿ ತೆಗೆಯಬೇಕು. ಕಡ್ಡಿ ಅರೆಬೆಂದು, ಜರಡಿಯಲ್ಲಿ ಇಳಿಯದ ಗಟ್ಟಿ ಇದ್ದಿಲಾಗಿ ಉಳಿಯುತ್ತದೆ. ಎಲೆಯನ್ನು ಬೆರಳುದ್ದ ಕತ್ತರಿಸಿ, ಬಯಲಿನಲ್ಲಿ ಗಾಳಿ ಇಲ್ಲದ ಹೊತ್ತು ನೋಡಿ, ಕಬ್ಬಿಣದ ಬಾಣಲೆಯಲ್ಲಿ ಸ್ವಲ್ಪ ಸ್ವಲ್ಪವೇ ಸುಡಿ. ಸೀಮೆಎಣ್ಣೆ ಬೇಡ, ವಾಸನೆ ಹೋಗುವುದಿಲ್ಲ. ಜ್ವಾಲೆ ಇಳಿದು ಎಲೆ ಕಪ್ಪಾದ ಕೂಡಲೇ ಮುಚ್ಚಳ ಮುಚ್ಚಿ ಆರಿಸಿ. ತೆರೆದಿಟ್ಟರೆ ಒಳಗೊಳಗೇ ಉರಿದು ಬಿಳಿಯಾಗುತ್ತದೆ. ಪೂರ್ತಿ ತಣ್ಣಗಾದ ಮೇಲೆ ಅರೆದು, ತೆಳು ಬಟ್ಟೆಯಲ್ಲಿ ಸೋಸಿ, ಗಾಳಿಯಾಡದ ಬಾಟಲಿಯಲ್ಲಿಡಿ. ಗೋಣಿಚೀಲದ ತುಂಬ ಗರಿ ಸುಟ್ಟರೂ ಉಳಿಯುವುದು ಕೆಲವೇ ಹಿಡಿ. ಅಷ್ಟು ಸಾಕು.

ಹಚ್ಚುವಾಗ ಒಣ ಬೂದಿಯೇ ಒಳ್ಳೆಯದು. ನಿಲ್ಲದಿದ್ದರೆ ನಾಲ್ಕೈದು ಹನಿ ಕೊಬ್ಬರಿ ಎಣ್ಣೆ ಬೆರೆಸಬಹುದು. ಆಶೀರ್ವಾದದ ತೀರ್ಥವನ್ನು ಮೇಲೆ ಚಿಮುಕಿಸಿದರೆ ಸಾಕು, ಬಟ್ಟಲು ರಾಡಿಯಾಗಬಾರದು. ಯಾರಿಗಾದರೂ ಉರಿ ಶುರುವಾದರೆ ತಿಕ್ಕದೆ ತಣ್ಣೀರು ಧಾರೆಯಾಗಿ ಬಿಟ್ಟು ತೊಳೆಯಿರಿ. ಬೊಬ್ಬೆ ಎದ್ದರೆ ಡಾಕ್ಟರಿಗೆ ತೋರಿಸಿ. ನೆತ್ತಿಯ ಮೇಲೆ ಒಣ ಬೂದಿ ಉದುರಿಸುವುದೂ ಹಳೆಯ ಕ್ರಮವೇ. ಕೋವಿಡ್ ಹೊತ್ತಿನಲ್ಲಿ, 2021ರಲ್ಲಿ, ವ್ಯಾಟಿಕನ್ ಅದನ್ನೇ ಮಾಡಲು ಹೇಳಿತ್ತು.

ಪ್ರಶ್ನೆ: ನಮ್ಮದು ಬಳ್ಳಾರಿಯ ಹಳೆಯ ಪ್ರೊಟೆಸ್ಟೆಂಟ್ ಮನೆತನ. ಶುಭ ಶುಕ್ರವಾರ 12ರಿಂದ 3ರವರೆಗೆ ನಡೆಯುವ, ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆಯಾದರೂ ಬೈಬಲಿನದೇ ತಾನೆ? ನಮ್ಮಲ್ಲಿ ಅದು ಪ್ರತಿವರ್ಷ ಮೂರೂವರೆ ದಾಟುತ್ತದೆ.
— ಬಳ್ಳಾರಿ

ಉತ್ತರ: ಮಾತುಗಳು ಬೈಬಲಿನವು, ಆರಾಧನೆ ಪೆರು ದೇಶದ ಲಿಮಾ ನಗರದ್ದು. 1687ರ ಭೂಕಂಪದಲ್ಲಿ ನಲುಗಿದ ಆ ಊರಿನಲ್ಲಿ ಆಲೊನ್ಸೊ ಮೆಸ್ಸಿಯ ಎಂಬ ಯೇಸುಸಭೆಯ (ಜೆಸ್ವಿಟ್) ಕಥೋಲಿಕ ಗುರುಗಳು ಇದನ್ನು ರೂಪಿಸಿದರು. 18ನೇ ಶತಮಾನದ ಕೊನೆಗೆ ರೋಮಿಗೆ, 19ನೇ ಶತಮಾನದಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚುಗಳಿಗೆ ಬಂತು. 1810ರಲ್ಲಿ ಲಂಡನ್ ಮಿಷನ್ ಎಂಬ ಪ್ರೊಟೆಸ್ಟೆಂಟ್ ಸಂಸ್ಥೆಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಇಂಗ್ಲೆಂಡಿನ ಪ್ರೊಟೆಸ್ಟೆಂಟರಲ್ಲೇ ಇದರ ರೂಢಿ ಇರಲಿಲ್ಲ. ಕಥೋಲಿಕರ ಬೂದಿಯನ್ನು ಬೇಡವೆಂದ ಎಷ್ಟೋ ಮನೆತನಗಳು ಕಥೋಲಿಕ ಗುರುವೊಬ್ಬರು ಕಟ್ಟಿದ ಆರಾಧನೆಯನ್ನು ಕಣ್ಣೀರಿಟ್ಟು ನಡೆಸಿಕೊಂಡು ಬಂದಿವೆ. ಇದು ಸಂತೋಷದ ಸಂಗತಿ.

ಯೇಸುವಿನ ಚರಿತ್ರೆ ಹೇಳುವ ನಾಲ್ಕು ಶುಭಸಂದೇಶಗಳಲ್ಲಿ ಯಾವುದೇ ಒಂದರಲ್ಲಿ ಏಳೂ ಮಾತು ಸಿಗುವುದಿಲ್ಲ. ಲೂಕನಲ್ಲಿ ಮೂರು, ಯೋಹಾನನಲ್ಲಿ ಮೂರು. ‘ನನ್ನ ದೇವರೇ, ಯಾಕೆ ಕೈಬಿಟ್ಟೆ’ ಎಂಬುದು ಮಾತ್ರ ಮತ್ತಾಯ, ಮಾರ್ಕ ಇಬ್ಬರಲ್ಲೂ ಇದೆ. ಈಗಿನ ಸರಣಿ ನಾಲ್ಕನ್ನೂ ಹೊಂದಿಸಿ ಮಾಡಿದ್ದು. 12ರಿಂದ 3 ಎಂಬುದು ಯೇಸು ಶಿಲುಬೆಯ ಮೇಲಿದ್ದಾಗ ಕತ್ತಲೆ ಕವಿದ ಹೊತ್ತು. ಮಾರ್ಕನ ಪ್ರಕಾರ ಶಿಲುಬೆಗೇರಿಸಿದ್ದು ಬೆಳಿಗ್ಗೆ ಒಂಬತ್ತಕ್ಕೇ.

ಸಮಯ ಮೀರುವುದಕ್ಕೆ ಕಾರಣ ಸಾಮಾನ್ಯವಾಗಿ ಮೊದಲ ಇಬ್ಬರು ಬೋಧಕರು. ಯೇಸುವನ್ನು ಬಂಧಿಸಿದ ಗೆತ್ಸೆಮನೆ ತೋಟದಿಂದ ಕಥೆ ಶುರುಮಾಡಿ ತಲಾ 40 ನಿಮಿಷ ತೆಗೆದುಕೊಳ್ಳುತ್ತಾರೆ. ಕೊನೆಗೆ ‘ತೀರಿತು’ ಎಂಬ ಮಾತಿಗೆ ಐದು ನಿಮಿಷವೂ ಉಳಿಯುವುದಿಲ್ಲ. 180 ನಿಮಿಷವನ್ನು ಏಳಕ್ಕೆ ಹಂಚಿದರೆ ತಲಾ 25, ಮೇಲೆ ಐದು. ವಾಕ್ಯ 2, ಪ್ರಸಂಗ 12, ಮೌನ 3, ಹಾಡು 5, ಪ್ರಾರ್ಥನೆ 3 ಎಂದು ಬರೆದು ಪ್ರತಿ ಬೋಧಕರಿಗೂ ವಾರ ಮುಂಚೆ ಕೊಡಿ. ಮೌನವನ್ನು ಮಾತ್ರ ಕಡಿಯಬೇಡಿ. ನಮ್ಮ ಬಿಸಿಲಲ್ಲಿ ವಯಸ್ಸಾದವರು ಉಪವಾಸ ಕೂತಿರುತ್ತಾರೆ, ಬಾಗಿಲ ಬಳಿ ಕುಡಿಯುವ ನೀರಿಡಿ. ಒಂದೆರಡು ಮಾತು ಕೇಳಿ ಎದ್ದುಹೋದರೂ ತಪ್ಪಿಲ್ಲ ಎಂದು ಮೊದಲೇ ಹೇಳಿ.

ಪ್ರಶ್ನೆ: ಯೇಸು ಶಿಲುಬೆ ಹೊತ್ತು ನಡೆದುದನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳಲ್ಲಿ ಬೈಬಲಿನಲ್ಲಿ ಇಲ್ಲದವು ಯಾವುವು?
— ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ಐದು. ಮೂರು ಸಲ ಬೀಳುವುದು (3, 7, 9), ತಾಯಿಯ ಭೇಟಿ (4), ವೆರೋನಿಕ ಎಂಬ ಹೆಂಗಸು ಮುಖ ಒರೆಸಿದ್ದು (6). ಹದಿಮೂರನೆಯದರಲ್ಲಿ ದೇಹ ಇಳಿಸಿದ್ದು ಬೈಬಲಿನಲ್ಲಿದೆ, ತಾಯಿಯ ಮಡಿಲಲ್ಲಿ ಮಲಗಿಸಿದ್ದು ಇಲ್ಲ. ಶಿಲುಬೆ ಹಾದಿಯ ಆಚರಣೆಯನ್ನು ಹರಡಿದವರು ಜೆರುಸಲೇಮಿನ ಪುಣ್ಯಸ್ಥಳಗಳನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ಕನ್ ಸಭೆಯವರು. 14 ಎಂಬ ಸಂಖ್ಯೆಯನ್ನು 1731ರಲ್ಲಿ ಹನ್ನೆರಡನೇ ಕ್ಲೆಮೆಂಟ್ ಪೋಪ್ ಗೊತ್ತುಮಾಡಿದರು. ಶುಭಸಂದೇಶದಲ್ಲಿರುವ ಘಟನೆಗಳನ್ನಷ್ಟೇ ಆಯ್ದ ಇನ್ನೊಂದು ಶಿಲುಬೆ ಹಾದಿಯನ್ನು ಎರಡನೇ ಜಾನ್ ಪಾಲ್ ಪೋಪ್ 1991ರಲ್ಲಿ ನಡೆಸಿದರು. ಅದು ಗೆತ್ಸೆಮನೆ ತೋಟದಿಂದ ಶುರುವಾಗುತ್ತದೆ. ತಪಸ್ಸುಕಾಲದ ಒಂದು ಶುಕ್ರವಾರ ಅದನ್ನೂ ಮಾಡಿ ನೋಡಬಹುದು; ಚರ್ಚಿನ ಗೋಡೆಯ ಪಟಗಳು ಅದಕ್ಕೆ ಹೊಂದುವುದಿಲ್ಲವಾದ್ದರಿಂದ ಅಂದು ಬಯಲಿನಲ್ಲಿ ಬರಿಯ 14 ಶಿಲುಬೆ ನೆಟ್ಟರಾಯಿತು.